ನೆರಳಿನ ಬಾಬ್ತು

ಬೀದಿಮರದ ಖರ್ಚನ್ನು ಅದರ ಎದುರಿನ ಮನೆಯವರ ತಲೆಗೆ ಕಟ್ಟಿದರೆ ಮರ ಅವರಿಗೆ ಶತ್ರುವಾಗುತ್ತದೆ. ಊರಿನ ಎಲ್ಲ ಆಸ್ತಿಗಳಿಗೂ ಚೂರುಚೂರು ಹಂಚಿದರೆ ಅದೇ ಮರ ಊರಿನ ಆಸ್ತಿಯಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ, ಸಿನ್ಸಿನಾಟಿ, ಮುಂಬೈ ಈ ಲೆಕ್ಕವನ್ನು ಬೇರೆಬೇರೆ ರೀತಿಯಲ್ಲಿ ಮಾಡಿವೆ. ಬೆಂಗಳೂರು ಇನ್ನೂ ಮಾಡಬೇಕಿದೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ಬೆಂಗಳೂರಿನ ಯಾವುದೋ ಸಿಗ್ನಲ್‌ನಲ್ಲಿ ಕೆಂಪು ದೀಪ ಹತ್ತಿದೆ. ಬಿಳಿ ಗೆರೆಯವರೆಗೂ ರಸ್ತೆ ಖಾಲಿ. ಆದರೂ ಸ್ಕೂಟರು, ಬೈಕುಗಳೆಲ್ಲ ಮೂವತ್ತು ಅಡಿ ಹಿಂದೆಯೇ ಮಳೆಮರವೊಂದರ ಕೆಳಗೆ ಒತ್ತೊತ್ತಾಗಿ ನಿಂತಿವೆ. ಹಿಂದಿನ ಕಾರು ಎಷ್ಟು ಹಾರ್ನ್ ಮಾಡಿದರೂ ಯಾರೂ ಕದಲುತ್ತಿಲ್ಲ. ಅದೇ ಮರದ ಬುಡದಲ್ಲಿ ಎಳನೀರಿನ ಗಾಡಿ, ಅದರ ಪಕ್ಕ ಚಪ್ಪಲಿ ಹೊಲಿಯುವವರ ಪೆಟ್ಟಿಗೆ. ನೆರಳಿನ ಅಂಚು ಮುಗಿಯುವಲ್ಲಿಗೆ ಜನರ ಸಾಲೂ ಮುಗಿದಿದೆ.

ಆ ಅಂಚಿನ ಈಚೆಗೂ ಆಚೆಗೂ ಇರುವ ವ್ಯತ್ಯಾಸವನ್ನು ಅಳೆದವರಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಮರವಿರುವ ಹಾಗೂ ಮರವಿಲ್ಲದ ಭಾಗಗಳನ್ನು ಹೋಲಿಸಿ 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮರವಿರುವ ಕಡೆ ಗಾಳಿಯ ಉಷ್ಣಾಂಶ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ ಇತ್ತು. ಡಾಂಬರಿನ ಮೇಲ್ಮೈಯಲ್ಲಂತೂ ಈ ಅಂತರ 27.5 ಡಿಗ್ರಿಯವರೆಗೆ ಹೋಗಿತ್ತು. ಬರಿಗಾಲಿಡಲಾಗದ ರಸ್ತೆಗೂ ಕುಳಿತು ವ್ಯಾಪಾರ ಮಾಡಬಹುದಾದ ರಸ್ತೆಗೂ ನಡುವೆ ಇರುವುದು ಒಂದು ಕೊಡೆಯಷ್ಟು ಹಸಿರು. ಈ ನೆರಳನ್ನು ಎಲ್ಲರೂ ಬಿಟ್ಟಿಯೆಂದೇ ಬಳಸುತ್ತಾರೆ, ಆದರೆ ಅದು ಬಿಟ್ಟಿಯಲ್ಲ. ಮಳೆಗಾಲಕ್ಕೆ ಮುನ್ನ ಒಣಕೊಂಬೆ ಸವರಬೇಕು, ಬುಡಕ್ಕೆ ಬಿಗಿದ ಕಾಂಕ್ರೀಟ್ ಬಿಡಿಸಬೇಕು, ಟೊಳ್ಳುಬಿದ್ದ ಕಾಂಡ ಗುರುತಿಸಬೇಕು, ಬಿದ್ದ ಮರದ ಜಾಗಕ್ಕೆ ಹೊಸ ಸಸಿ ತಂದು ಬೇರೂರುವವರೆಗೆ ಬೇಸಿಗೆಗಳಲ್ಲಿ ನೀರು ಹೊರಬೇಕು. ಈ ಬಾಬ್ತಿನ ಹಣ ಯಾರ ಜೇಬಿನಿಂದ ಬರಬೇಕು ಎಂಬ ಪ್ರಶ್ನೆಗೆ ಊರು ಕೊಡುವ ಉತ್ತರವೇ ಆ ಊರಿನ ಮರಗಳ ಆಯುಷ್ಯವನ್ನು ನಿರ್ಧರಿಸುತ್ತದೆ.

ಮರವಿದ್ದವರಿಗೇ ದಂಡ

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಸ್ಯಾನ್ ಫ್ರಾನ್ಸಿಸ್ಕೊ. ಅಮೆರಿಕದ ಶ್ರೀಮಂತ ನಗರಗಳಲ್ಲೊಂದಾದರೂ ಅಲ್ಲಿನ ಮರಗಳ ಹೊದಿಕೆ ನಗರದ ವಿಸ್ತೀರ್ಣದ ಶೇ 13.7ರಷ್ಟು ಮಾತ್ರ. ದೇಶದ ದೊಡ್ಡ ನಗರಗಳ ಪಟ್ಟಿಯಲ್ಲಿ ಅದರ ಸ್ಥಾನ ತೀರಾ ಕೆಳಗೆ. ದಶಕಗಳ ಕಾಲ ಅಲ್ಲಿನ ನಿಯಮ ಹೀಗಿತ್ತು: ಬಹುಪಾಲು ಬೀದಿಮರಗಳ ಆರೈಕೆ ಅವುಗಳ ಎದುರಿನ ಆಸ್ತಿಯವರ ಹೊಣೆ. ಮರ ಬೆಳೆದಿರುವುದು ಸಾರ್ವಜನಿಕ ಫುಟ್‌ಪಾತಿನ ಮೇಲೆ, ನೆರಳು ಪಡೆಯುವವರು ದಾರಿಹೋಕರು, ಖರ್ಚು ಮಾತ್ರ ಮನೆಯವರದು. ಬೇರು ಉಬ್ಬಿ ಫುಟ್‌ಪಾತಿನ ಚಪ್ಪಡಿ ಎದ್ದರೆ ರಿಪೇರಿ ಅವರದು. ಆ ಚಪ್ಪಡಿಗೆ ಯಾರಾದರೂ ಎಡವಿ ಬಿದ್ದರೆ ಪರಿಹಾರದ ಹೊರೆಯೂ ಅವರ ಮೇಲೇ. 2011ರ ಹೊತ್ತಿಗೆ ಬಜೆಟ್ ಬಿಕ್ಕಟ್ಟಿಗೆ ಸಿಕ್ಕ ನಗರಾಡಳಿತ, ತಾನು ನೋಡಿಕೊಳ್ಳುತ್ತಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮರಗಳನ್ನೂ ಹಂತಹಂತವಾಗಿ ಮನೆಯವರಿಗೆ ದಾಟಿಸಲು ಹೊರಟಿತು.

ಅಂಥ ಮನೆಯೊಂದರ ಬಾಗಿಲಲ್ಲಿ ನಿಂತು ಯೋಚಿಸಿದರೆ ಈ ನಿಯಮ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿನ ಬೀದಿಗಳಲ್ಲಿ ಸಾಮಾನ್ಯವಾಗಿರುವುದು ಫೈಕಸ್ ಮರ. ನಮ್ಮ ಆಲ, ಅರಳಿ, ಅತ್ತಿಗಳ ಕುಲಕ್ಕೇ ಸೇರಿದ್ದು. ದಟ್ಟ ನೆರಳು ಕೊಡುತ್ತದೆ, ಬೇರಿನ ಬಲವೂ ಹಾಗೆಯೇ. ಗಾರೆಯ ಸಂದಿನಲ್ಲಿ ತಲೆಹಾಕಿದ ಬೇರು ಕೆಲ ವರ್ಷಗಳಲ್ಲಿ ಚಪ್ಪಡಿಯ ಒಂದು ಮಗ್ಗುಲನ್ನು ಎತ್ತಿ ನಿಲ್ಲಿಸುತ್ತದೆ. ಮನೆಯವರಿಗೆ ನೋಟಿಸು ಬರುತ್ತದೆ. ಪರಿಣತರನ್ನು ಕರೆಸಿ ಕೊಂಬೆ ಹಗುರ ಮಾಡಿಸಿ, ಬೇರಿಗೆ ಪೆಟ್ಟಾಗದಂತೆ ಫುಟ್‌ಪಾತ್ ಹೊಸದಾಗಿ ಹಾಸಬೇಕೆಂದರೆ ಜೇಬಿಗೆ ದೊಡ್ಡ ಕತ್ತರಿ. ಮರವೇ ಇಲ್ಲದಿದ್ದರೆ ಖರ್ಚೇ ಇಲ್ಲ. ಕೆಲವರು ಅಗ್ಗದ ಕೂಲಿಗೆ ನೆತ್ತಿಯನ್ನೇ ಬೋಳಿಸುತ್ತಾರೆ. ಕೆಲವರು ಕಡಿಯಲು ಅರ್ಜಿ ಹಾಕುತ್ತಾರೆ. ಮರವಿಲ್ಲದ ಮನೆಯವರು ಹೊಸ ಸಸಿ ಬೇಡವೆಂದು ಮೊದಲೇ ಹೇಳುತ್ತಾರೆ. ಇಲ್ಲಿ ಯಾರೂ ದುಷ್ಟರಲ್ಲ. ನಿಯಮವೇ ಮರವಿದ್ದವರಿಗೆ ದಂಡ ಹಾಕಿ, ಮರವಿಲ್ಲದವರಿಗೆ ಬಹುಮಾನ ಕೊಡುತ್ತಿದೆ.

2016ರ ನವೆಂಬರಿನಲ್ಲಿ ಮತದಾರರು ಈ ನಿಯಮವನ್ನು ತಲೆಕೆಳಗು ಮಾಡಿದರು. ‘ಪ್ರಸ್ತಾವ ಇ’ ಹೆಸರಿನ ತಿದ್ದುಪಡಿಗೆ ಶೇ 78ಕ್ಕೂ ಹೆಚ್ಚು ಮತ ಬಿತ್ತು. 2017ರ ಜುಲೈ 1ರಿಂದ ಬೀದಿಮರಗಳ ಆರೈಕೆ, ಬೇರಿನಿಂದ ಎದ್ದ ಫುಟ್‌ಪಾತಿನ ರಿಪೇರಿ ಎರಡೂ ನಗರದ ಹೊಣೆಯಾದವು. ಅದಕ್ಕಾಗಿ ಸಾಮಾನ್ಯ ನಿಧಿಯಿಂದ ವರ್ಷಕ್ಕೆ 1.9 ಕೋಟಿ ಡಾಲರ್ ಎತ್ತಿಡಬೇಕು, ನಗರದ ವರಮಾನ ಏರಿಳಿದಂತೆ ಈ ಮೊತ್ತವೂ ಏರಿಳಿಯಬೇಕು ಎಂದು ನಗರದ ಸನ್ನದಿನಲ್ಲೇ ಬರೆದಿಟ್ಟರು. ಮೊದಲ ಕರಡಿನಲ್ಲಿ ನಿವೇಶನದ ಮುಂಭಾಗದ ಅಳತೆಗೆ ತಕ್ಕಂತೆ ಆಸ್ತಿಯವರಿಂದ ಹೊಸ ತೆರಿಗೆ ವಸೂಲಿ ಮಾಡುವ ಯೋಚನೆಯಿತ್ತು. ಕೊನೆಗೆ ಅದನ್ನು ಕೈಬಿಟ್ಟು ಇರುವ ವರಮಾನದಿಂದಲೇ ಪಾಲು ಕಟ್ಟಿದರು. ಜೊತೆಗೆ ಮರಗಣತಿಯೂ ನಡೆಯಿತು. ಸಿಕ್ಕ ಲೆಕ್ಕ ಸುಮಾರು 1,25,000 ಬೀದಿಮರ. ಅಂದರೆ ಮರವೊಂದಕ್ಕೆ ವರ್ಷಕ್ಕೆ 150 ಡಾಲರಿನ ಆಸುಪಾಸು. ಅಲ್ಲಿಯವರೆಗೆ ಸಾವಿರಾರು ಮನೆಯವರು ಬೇರೆಬೇರೆಯಾಗಿ, ಒಲ್ಲದ ಮನಸ್ಸಿನಿಂದ ಮಾಡುತ್ತಿದ್ದ ಖರ್ಚನ್ನು ಊರು ಒಂದಾಗಿ ಹೊತ್ತುಕೊಂಡಿತು.

▌ನೆರಳಿನ ಲೆಕ್ಕ
▪ ನೆರಳಿರುವ ಮೇಲ್ಮೈ, ಸುಡುಬಿಸಿಲಿನಲ್ಲಿರುವ ಮೇಲ್ಮೈಗಿಂತ 11ರಿಂದ 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ.
▪ ಕ್ಯಾಲಿಫೋರ್ನಿಯಾದ ಬೀದಿಮರಗಳ ಬಗೆಗಿನ 2016ರ ಅಧ್ಯಯನದ ಪ್ರಕಾರ ಮರದ ಮೇಲೆ ಖರ್ಚಾದ ಪ್ರತಿ ಡಾಲರಿಗೆ ಸಿಗುವ ಪ್ರಯೋಜನದ ಬೆಲೆ 5.82 ಡಾಲರ್.
▪ ಪೋರ್ಟ್‌ಲ್ಯಾಂಡ್‌ನಲ್ಲಿ ಬೀದಿಮರಗಳಿಂದ ಮನೆಯ ಮಾರಾಟ ಬೆಲೆ ಸರಾಸರಿ 8,870 ಡಾಲರ್ ಹೆಚ್ಚಿತ್ತು (2010ರ ಅಧ್ಯಯನ).
▪ ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣಾಂಶ 2016ರ ಏಪ್ರಿಲ್‌ನ 39.2 ಡಿಗ್ರಿ.

ಅಡಿಗಿಷ್ಟು, ಮನೆಗಿಷ್ಟು

ಹಾಗಾದರೆ ಆಸ್ತಿಯವರಿಂದ ಹಣ ಕೇಳುವುದೇ ತಪ್ಪೇ? ಅಲ್ಲ. ಕೇಳುವ ಬಗೆಯಲ್ಲಿ ಎಲ್ಲವೂ ಅಡಗಿದೆ. ಅಮೆರಿಕದ ಒಹಾಯೊ ರಾಜ್ಯದ ಕಾನೂನು, ಬೀದಿಯ ನೆರಳಿನ ಮರಗಳನ್ನು ನೆಡಲು, ಕಾಪಾಡಲು, ತೆಗೆಯಲು ಆಸ್ತಿಗಳ ಮೇಲೆ ವಿಶೇಷ ವಂತಿಗೆ ಹಾಕುವ ಅಧಿಕಾರವನ್ನು ನಗರಗಳಿಗೆ ಕೊಟ್ಟಿದೆ. ಅದನ್ನು ಬಳಸಿ ಸಿನ್ಸಿನಾಟಿ ನಗರ 1980ರ ದಶಕದಿಂದ ಬೀದಿಗೆ ಮುಖಮಾಡಿದ ಆಸ್ತಿಗಳಿಂದ ಅಡಿ ಲೆಕ್ಕದಲ್ಲಿ ವಸೂಲಿ ಮಾಡುತ್ತ ಬಂದಿದೆ. ಅಡಿಗೆ 20 ಸೆಂಟ್ ಎಂದಿಟ್ಟುಕೊಂಡರೆ 40 ಅಡಿ ಮುಂಭಾಗದ ಮನೆಗೆ ವರ್ಷಕ್ಕೆ 8 ಡಾಲರ್. ಮುಖ್ಯವಾದ ಅಂಶವೆಂದರೆ ಮನೆಯ ಮುಂದೆ ಮರವಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಮರ ಕಡಿದರೆ ಬಿಲ್ಲು ಇಳಿಯುವುದಿಲ್ಲ, ನೆಟ್ಟರೆ ಏರುವುದಿಲ್ಲ. ಮರವನ್ನು ದ್ವೇಷಿಸಲು ಕಾರಣವೇ ಉಳಿಯುವುದಿಲ್ಲ.

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರ ಈ ದಾರಿಗೆ ಬಂದದ್ದು ಒಂದು ಕೀಟದಿಂದಾಗಿ. ಏಷ್ಯಾದಿಂದ ಹೋದ, ಆ್ಯಶ್ ಮರಗಳನ್ನು ಒಳಗಿನಿಂದ ಕೊರೆದು ಕೊಲ್ಲುವ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು. 2013ರಲ್ಲಿ ಅದು ಮ್ಯಾಡಿಸನ್ ತಲುಪಿತು. ಬೀದಿಯುದ್ದಕ್ಕೂ ಸಾಯಲಿರುವ ಮರಗಳನ್ನು ತೆಗೆದು ಹೊಸದನ್ನು ನೆಡುವ ಖರ್ಚಿಗಾಗಿ 2015ರಿಂದ ನಗರಾಡಳಿತ ತನ್ನ ಸೇವೆಗಳ ಮಾಸಿಕ ಬಿಲ್ಲಿನಲ್ಲಿ ನಗರ ಅರಣ್ಯ ಶುಲ್ಕವೆಂಬ ಒಂದು ಸಾಲು ಸೇರಿಸಿತು. ಇದೇ ಕೀಟ ಹರಡಿದ ಮಿನಿಯಾಪೊಲಿಸ್‌ನಲ್ಲಿ ಖಾಸಗಿ ಅಂಗಳದ ಮರಗಳ ಕಥೆ ಬೇರೆಯೇ ಆಯಿತು. ಸೋಂಕಿತ ಮರ ಕಡಿಸಿ ಎಂದು ಮನೆಯವರಿಗೆ ಆದೇಶ ಹೋಗುತ್ತಿತ್ತು. ಕಡಿಸದಿದ್ದರೆ ಆಡಳಿತವೇ ಕಡಿಸಿ, ಸಾವಿರಾರು ಡಾಲರಿನ ಖರ್ಚನ್ನು ಆ ಮನೆಯ ಆಸ್ತಿ ತೆರಿಗೆಗೆ ಸೇರಿಸುತ್ತಿತ್ತು. ಬಡ ಬಡಾವಣೆಗಳಿಗೆ ಈ ಹೊಡೆತ ಜೋರಾಗಿಯೇ ಬಿತ್ತು. ಒಂದೇ ಕೀಟ, ಒಂದೇ ಜಾತಿಯ ಮರ. ಒಂದು ಕಡೆ ಹೊರೆ ಎಲ್ಲರಿಗೂ ಹಂಚಿಹೋಗಿ ಹಗುರಾಯಿತು, ಇನ್ನೊಂದು ಕಡೆ ದುರದೃಷ್ಟವಂತರ ಹೆಗಲ ಮೇಲೆ ಪೂರ್ತಿಯಾಗಿ ಕುಳಿತಿತು.

ಅಡಿಯ ಲೆಕ್ಕಕ್ಕೂ ಮಿತಿಯಿದೆ. ಅದರ ಹಿಂದಿನ ತರ್ಕ, ನಿಮ್ಮ ಮನೆಯ ಮುಂದಿನ ಮರದಿಂದ ಲಾಭ ನಿಮಗೇ ಎಂಬುದು. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ 218ನೇ ಪ್ರಸ್ತಾವವಂತೂ ಈ ತರ್ಕವನ್ನು ಕಟ್ಟುನಿಟ್ಟು ಮಾಡಿತು. ಆಸ್ತಿಗೆ ಆಗುವ ವಿಶೇಷ ಲಾಭವನ್ನು ಊರಿಗೆಲ್ಲ ಆಗುವ ಲಾಭದಿಂದ ಬಿಡಿಸಿ ತೋರಿಸಿದರೆ ಮಾತ್ರ ಅಂಥ ವಂತಿಗೆ ಹಾಕಬಹುದು. ಆದರೆ ನೆರಳು ಕಾಂಪೌಂಡಿನ ಗಡಿ ನೋಡಿ ಬೀಳುವುದಿಲ್ಲ. ಪೋರ್ಟ್‌ಲ್ಯಾಂಡ್ ಅಧ್ಯಯನವೇ ಹೇಳುವಂತೆ, ಒಂದು ಬೀದಿಮರ ಎದುರಿನ ಮನೆಯ ಜೊತೆಗೆ ನೂರು ಅಡಿ ಸುತ್ತಲಿನ ಮನೆಗಳ ಬೆಲೆಯನ್ನೂ ಏರಿಸುತ್ತದೆ. ಆ ಬೀದಿಯಲ್ಲಿ ಮನೆಯೇ ಇಲ್ಲದ ತಳ್ಳುಗಾಡಿಯವರು, ಶಾಲೆಯಿಂದ ನಡೆದು ಬರುವ ಮಕ್ಕಳು, ಬಸ್ಸಿಗೆ ಕಾಯುವವರು ಪಡೆಯುವ ಲಾಭ ಯಾವ ಆಸ್ತಿಯ ಖಾತೆಗೂ ಬರುವುದಿಲ್ಲ. ಆದ್ದರಿಂದ ಮುಂಭಾಗದ ಅಳತೆಗಿಂತ ಆಸ್ತಿಯ ಬೆಲೆಗೆ ತಕ್ಕ ಪಾಲು ಕೇಳುವುದು ಹೆಚ್ಚು ನ್ಯಾಯ. ಆ ದಾರಿಯನ್ನು ನಮ್ಮ ನೆರೆರಾಜ್ಯ ಐವತ್ತು ವರ್ಷಗಳ ಹಿಂದೆಯೇ ಹಿಡಿದಿತ್ತು.

ಮಾಟುಂಗಾದ ಬಿಲ್ಲಿನ ಒಂದು ಸಾಲು

ಮುಂಬೈ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ಬಿಲ್ಲನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಿ. ಸಾಮಾನ್ಯ ತೆರಿಗೆ, ನೀರಿನ ತೆರಿಗೆ, ಒಳಚರಂಡಿ ತೆರಿಗೆ, ಶಿಕ್ಷಣ ಉಪಕರ, ರಸ್ತೆ ತೆರಿಗೆ. ಇವುಗಳ ನಡುವೆ ಒಂದು ಚಿಕ್ಕ ಮೊತ್ತದ ಸಾಲು: ಟ್ರೀ ಸೆಸ್, ಅಂದರೆ ವೃಕ್ಷ ಉಪಕರ. ಮಹಾರಾಷ್ಟ್ರದ ನಗರಪ್ರದೇಶಗಳ ಮರಗಳ ಸಂರಕ್ಷಣೆಗಾಗಿ 1975ರಲ್ಲಿ ಬಂದ ಕಾಯ್ದೆ ಪಾಲಿಕೆಗಳಿಗೆ ವೃಕ್ಷ ಪ್ರಾಧಿಕಾರದ ಜೊತೆಗೆ ಈ ಉಪಕರ ಎತ್ತುವ ಅಧಿಕಾರವನ್ನೂ ಕೊಟ್ಟಿತು. ಪುಣೆಯ ಬಿಲ್ಲಿನಲ್ಲೂ ಮರದ ಹೆಸರಿನ ಸಾಲು ಇದೆ. ಮೈಸೂರು ಅಸೋಸಿಯೇಷನ್ ನೆಲೆಸಿರುವ ಮಾಟುಂಗಾದ ಹಸಿರು ಬೀದಿಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರೂ ಈ ಸಾಲಿನ ಹಣ ಕಟ್ಟುತ್ತಲೇ ಬಂದಿದ್ದಾರೆ. 2018ರಲ್ಲಿ ಮುಗಿದ ಗಣತಿಯಂತೆ ಮುಂಬೈಯಲ್ಲಿರುವ ಮರಗಳು ಸುಮಾರು 29.75 ಲಕ್ಷ.

ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು ಮರುವರ್ಷವೇ, 1976ರಲ್ಲಿ. ಅದರಲ್ಲೂ ವೃಕ್ಷ ಪ್ರಾಧಿಕಾರವಿದೆ, ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿ ಇದ್ದಾರೆ, ಕಡಿದಲ್ಲಿ ನೆಡಬೇಕೆಂಬ ಷರತ್ತಿದೆ. ಆದರೆ ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆ ಬರುವ ಉಪಕರಗಳಲ್ಲಿ ಗ್ರಂಥಾಲಯದ ಹೆಸರಿದೆ, ಆರೋಗ್ಯದ ಹೆಸರಿದೆ, ಭಿಕ್ಷುಕರ ಪುನರ್ವಸತಿಯ ಹೆಸರಿದೆ. ಮರದ ಹೆಸರಿಲ್ಲ. ಕಾಯ್ದೆ ಕೊಡಲಿಯನ್ನು ತಡೆಯುತ್ತದೆ, ನೀರುಣಿಸುವ ಕೊಡಕ್ಕೆ ಹಣ ಕೊಡುವುದಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 15 ಲಕ್ಷ ಸಸಿ ನೆಟ್ಟರು. ಇಂದು ನಾವು ನಿಲ್ಲುವ ನೆರಳಿನ ದೊಡ್ಡ ಪಾಲು ಆ ಕೈಗಳಿಂದ ಬಂದದ್ದು. ಆ ಸಸಿಗಳಿಗೆ ಈಗ ನಲವತ್ತು ದಾಟಿದೆ. ನೆಡುವುದು ಒಂದು ಯೋಜನೆಯಿಂದ ಆಗಿಬಿಡುತ್ತದೆ. ನಲವತ್ತು ವರ್ಷದ ಮರವನ್ನು ಇನ್ನೂ ನಲವತ್ತು ವರ್ಷ ನಿಲ್ಲಿಸಲು ಪ್ರತಿವರ್ಷ ತಪ್ಪದೆ ಬರುವ ಹಣ ಬೇಕು.

ಮೂರು ಆಕ್ಷೇಪ

ಮೊದಲ ಆಕ್ಷೇಪ, “ಆಸ್ತಿ ತೆರಿಗೆ ಕಟ್ಟುತ್ತಿದ್ದೇವಲ್ಲ, ಮತ್ತೊಂದು ಉಪಕರ ಏಕೆ?” ಮಾತಿನಲ್ಲಿ ಹುರುಳಿದೆ. ಬೆಂಗಳೂರಿನಲ್ಲಿ 2024–25ನೇ ಸಾಲಿನ ಆಸ್ತಿ ತೆರಿಗೆ ಸಂಗ್ರಹ 4,900 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಅದರಲ್ಲಿ ನೂರಕ್ಕೆ ಒಂದು ಪಾಲು ಎಂದರೆ 49 ಕೋಟಿ. ವರ್ಷಕ್ಕೆ 6,000 ರೂಪಾಯಿ ತೆರಿಗೆ ಕಟ್ಟುವ ಮನೆಯ ಮಟ್ಟಿಗೆ 60 ರೂಪಾಯಿ. ಇದನ್ನು ಹೊಸ ಉಪಕರವಾಗಿ ಎತ್ತಬಹುದು, ಇಲ್ಲವೇ ಸ್ಯಾನ್ ಫ್ರಾನ್ಸಿಸ್ಕೊದಂತೆ ಇರುವ ತೆರಿಗೆಯಿಂದಲೇ ಕಾನೂನಿನ ಮೂಲಕ ಎತ್ತಿಡಬಹುದು. ಹಣಕ್ಕೆ ಮರದ ಹೆಸರು ಬೀಳುವುದು ಮುಖ್ಯ. ಹೆಸರಿಲ್ಲದ ಹಣಕ್ಕಾಗಿ ಡಾಂಬರು, ಮೇಲ್ಸೇತುವೆ, ಕಸ ಎಲ್ಲವೂ ಸ್ಪರ್ಧೆಗೆ ನಿಲ್ಲುತ್ತವೆ. ಬಿದ್ದ ದಿನ ಮಾತ್ರ ಸುದ್ದಿಯಾಗುವ ಮರ ಆ ಸ್ಪರ್ಧೆಯಲ್ಲಿ ಗೆಲ್ಲುವುದು ಕಷ್ಟ.

ಎರಡನೆಯದು ನಂಬಿಕೆಯ ಪ್ರಶ್ನೆ. “ಕಟ್ಟಿದ ಹಣ ಮರಕ್ಕೇ ಹೋಗುತ್ತದೆ ಎಂದು ಏನು ಖಾತ್ರಿ?” ಗ್ರಂಥಾಲಯ ಮತ್ತು ಭಿಕ್ಷುಕರ ಉಪಕರಗಳನ್ನು ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಆಯಾ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ವಿಚಾರ ನಮ್ಮಲ್ಲಿ ಪದೇಪದೇ ಸುದ್ದಿಯಾಗಿದೆ. ಮುಂಬೈಯಲ್ಲೂ ಉಪಕರ ಕಟ್ಟುವ ಹೌಸಿಂಗ್ ಸೊಸೈಟಿಗಳು ತಮ್ಮ ಆವರಣದ ಮರದ ಕೊಂಬೆ ಸವರಿಸಲು ಬೇರೆ ಹಣ ತೆರಬೇಕಾಗುತ್ತದೆ. ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಮರ ಉಳಿಯುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಅದಕ್ಕೇ ಉಪಕರಕ್ಕೆ ಮುನ್ನ ಎಣಿಕೆ ಆಗಬೇಕು. ಪ್ರತಿ ಮರಕ್ಕೂ ಒಂದು ಸಂಖ್ಯೆ, ಯಾವ ಜಾತಿ, ಯಾವ ಸ್ಥಿತಿ, ಕಳೆದ ಸಲ ಕೊಂಬೆ ಸವರಿದ್ದು ಯಾವಾಗ ಎಂಬುದು ಎಲ್ಲರೂ ನೋಡಬಹುದಾದ ನಕಾಶೆಯಲ್ಲಿರಬೇಕು. ಹಣ ಪ್ರತ್ಯೇಕ ಖಾತೆಯಲ್ಲಿರಬೇಕು, ವಾರ್ಡುವಾರು ಖರ್ಚು ವರ್ಷಕ್ಕೊಮ್ಮೆ ಪ್ರಕಟವಾಗಬೇಕು. ಸೋರುವ ಕೊಡಕ್ಕೆ ಮದ್ದು ತೂತು ಮುಚ್ಚುವುದು, ನೀರು ತರುವುದನ್ನೇ ಬಿಡುವುದಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. “ನಮ್ಮ ಬೀದಿಯಲ್ಲಿ ಒಂದು ಮರವೂ ಇಲ್ಲ. ಜಯನಗರದ ನೆರಳಿಗೆ ನಾವೇಕೆ ಹಣ ಕೊಡಬೇಕು?” ನೆರಳು ಬಡವಶ್ರೀಮಂತ ಭೇದವಿಲ್ಲದೆ ಹಂಚಿಹೋಗಿಲ್ಲ ಎಂಬುದು ಲೋಕವೆಲ್ಲ ಕಂಡ ಸತ್ಯ. ಅಮೆರಿಕದ 108 ನಗರಗಳನ್ನು ಪರಿಶೀಲಿಸಿದ 2020ರ ಅಧ್ಯಯನ, 1930ರ ದಶಕದಲ್ಲಿ ಮನೆಸಾಲಕ್ಕೆ ಅಪಾಯಕಾರಿ ಎಂದು ಕೆಂಪು ಗುರುತು ಬಿದ್ದ ಬಡಾವಣೆಗಳು ಇಂದಿಗೂ ಇತರ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಬಿಸಿಯಾಗಿವೆ ಎಂದು ಕಂಡುಕೊಂಡಿತು. ಹಾಗಾಗಿ ಉಪಕರದ ಹಣ ಈಗಾಗಲೇ ಹಸಿರಾಗಿರುವ ಬೀದಿಗಳನ್ನೇ ಸಿಂಗರಿಸುವುದಾದರೆ ಅದು ಬಡವರಿಂದ ಎತ್ತಿ ಉಳ್ಳವರಿಗೆ ಕೊಟ್ಟಂತೆ. ಇದಕ್ಕೆ ಎರಡು ಉತ್ತರವಿದೆ. ಒಂದು, ಚಿಕ್ಕ ಮನೆಗಳಿಗೆ ವಿನಾಯಿತಿ. ಮುಂಬೈ 2022ರಲ್ಲಿ 500 ಚದರ ಅಡಿವರೆಗಿನ ಮನೆಗಳನ್ನು ಆಸ್ತಿ ತೆರಿಗೆಯಿಂದ ಹೊರಗಿಟ್ಟಿತು. ಇನ್ನೊಂದು, ಖರ್ಚಿನ ಮೊದಲ ಹಕ್ಕು ನೆರಳಿಲ್ಲದ ಬೀದಿಗೆ. ಸ್ಯಾನ್ ಫ್ರಾನ್ಸಿಸ್ಕೊ ಎಡವಿದ್ದು ಇಲ್ಲಿಯೇ. ಅಲ್ಲಿ ಮೀಸಲಿಟ್ಟ ಹಣ ಇರುವ ಮರಗಳ ಆರೈಕೆಗೆ ಮಾತ್ರ, ಹೊಸದನ್ನು ನೆಡಲು ಬೇರೆ ಮೂಲ ಹುಡುಕಬೇಕು. ಮರವಿದ್ದ ಬೀದಿ ನೆಮ್ಮದಿ ಕಂಡಿತು, ಬೋಳು ಬೀದಿಯ ಸರದಿ ಹಿಂದೆ ಬಿತ್ತು. ನಮ್ಮ ಕಾನೂನು ಆರೈಕೆ ಮತ್ತು ನೆಡುವಿಕೆ ಎರಡನ್ನೂ ಒಂದೇ ಬಾಬ್ತಿನಡಿ ತರಬೇಕು.

▌ಹಣ ಬಂದರೆ ಮೊದಲು ಏನು?
▪ ಮರಗಣತಿ: ಪ್ರತಿ ಬೀದಿಮರಕ್ಕೂ ಸಂಖ್ಯೆ, ಸಾರ್ವಜನಿಕ ನಕಾಶೆ.
▪ ಬುಡದ ಬಿಡುಗಡೆ: ಮರದ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್‌ರಹಿತವಾಗಿರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಆದೇಶಿಸಿತ್ತು. ಎಲ್ಲ ಊರಿಗೂ ಸಲ್ಲುವ ನಿಯಮವಿದು.
▪ ಮಳೆಗಾಲಕ್ಕೆ ಮುನ್ನ ತರಬೇತಿ ಪಡೆದವರಿಂದ ಕೊಂಬೆ ಸವರುವಿಕೆ.
▪ ಮರವಿಲ್ಲದ ಬೀದಿಗೆ, ಬಸ್ ನಿಲ್ದಾಣಕ್ಕೆ, ಶಾಲೆಯ ದಾರಿಗೆ ಮೊದಲ ಸಸಿ. ಜೊತೆಗೆ ಮೂರು ಬೇಸಿಗೆ ನೀರಿನ ಹೊಣೆ.

ಬೀದಿದೀಪ ತಮ್ಮ ಮನೆಯ ಮುಂದಿದೆಯೆಂದು ಯಾರೂ ಅದರ ಬಲ್ಬಿನ ಖರ್ಚು ಕೊಡುವುದಿಲ್ಲ, ತಮ್ಮ ಮನೆಯ ಮುಂದಿಲ್ಲವೆಂದು ಯಾರೂ ತೆರಿಗೆ ತಪ್ಪಿಸುವುದಿಲ್ಲ. ಎಲ್ಲರೂ ಕೊಡುತ್ತಾರೆ. ಆದ್ದರಿಂದಲೇ ಬೀದಿ ಕತ್ತಲಾದರೆ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ. ಮರವನ್ನು ಆ ಸಾಲಿಗೆ ಸೇರಿಸುವುದೇ ಈ ಉಪಕರದ ನಿಜವಾದ ಅರ್ಥ. ಇಂದು ಬೋಳು ಬೀದಿಯ ನಿವಾಸಿ ಸಸಿ ಕೇಳಿದರೆ ಅದು ಬೇಡಿಕೆ. ಮಂಜೂರು ಮಾಡುವುದು, ಬಿಡುವುದು ಅಧಿಕಾರಿಗಳ ಮರ್ಜಿ. ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿದ ರಸೀದಿಯಲ್ಲಿ ಮರದ ಹೆಸರಿದ್ದರೆ ಅದೇ ನಿವಾಸಿ ವಾರ್ಡ್ ಕಚೇರಿಯ ಮೇಜಿನ ಮೇಲೆ ಆ ರಸೀದಿಯಿಟ್ಟು ಕೇಳಬಹುದು: ನಮ್ಮ ಬೀದಿಯ ಪಾಲಿನ ನೆರಳು ಎಲ್ಲಿ?